ಅಡಿಕೆ ಮತ್ತು ಕ್ಯಾನ್ಸರ್: ನಿಮ್ಮ ಫೋನು ತೋರಿಸದೆ ಬಿಟ್ಟದ್ದನ್ನು ಹುಡುಕುವ ದಾರಿ

ಹೋದ ದೀಪಾವಳಿಗೆ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ತೋಟದಲ್ಲಿ ಅಡಿಕೆ ಗೊನೆಯ ಕೊಯ್ಲು ಆಗಲೇ ಶುರುವಾಗಿತ್ತು. ಹಬ್ಬದ ಊಟ ಮುಗಿದು ಜಗಲಿಗೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ ಬಂತು. ಅಕ್ಕನ ಮಗಳು ದಂತ ವೈದ್ಯಕೀಯ ಓದುತ್ತಿದ್ದಾಳೆ. "ಅಜ್ಜ, ಅಡಿಕೆ ಬೇಡ, ಬಾಯಿ ಕ್ಯಾನ್ಸರ್ ಬರುತ್ತೆ" ಅಂದಳು. ಅಪ್ಪ ಐವತ್ತು ವರ್ಷ ತೋಟ ಮಾಡಿದವರು. "ಅದೆಲ್ಲ ಸುಳ್ಳು ಅಂತ ಯಾವಾಗಲೋ ಸಾಬೀತಾಗಿದೆ, ನೋಡು" ಅಂತ ಫೋನು ತೆಗೆದರು. ಅವಳೂ ತನ್ನ ಫೋನು ತೆಗೆದಳು.

ನಾನು ಇಬ್ಬರ ಪಕ್ಕದಲ್ಲೂ ಕೂತು ನೋಡಿದೆ. ಅಪ್ಪನ ಯೂಟ್ಯೂಬ್ ತುಂಬ ಇವತ್ತಿನ ರಾಶಿ ಇಡಿ (ಅಡಿಕೆಯ ಒಂದು ಬಗೆ) ದರ, ಎಲೆಚುಕ್ಕಿ ರೋಗಕ್ಕೆ ಔಷಧಿ, ಅಡಿಕೆಯ ಔಷಧೀಯ ಗುಣಗಳು, ಬೆಳೆಗಾರರ ಸಮಾವೇಶದ ಭಾಷಣ. ಅವಳ ಫೋನಿನಲ್ಲಿ ಬಾಯಿ ಬಿಗಿದುಹೋದ ರೋಗಿಗಳ ಚಿತ್ರಗಳು, ಶಸ್ತ್ರಚಿಕಿತ್ಸೆಯ ವಿಡಿಯೋಗಳು, ವೈದ್ಯರ ಉಪನ್ಯಾಸಗಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರಿಗೂ ತಮ್ಮ ಮಾತಿಗೆ ಬೇಕಾದಷ್ಟು ಸಾಕ್ಷಿ ಅಂಗೈಯಲ್ಲೇ ಇತ್ತು. ಅಪ್ಪ ನೋಡಿದ್ದನ್ನು ಅವಳು ನೋಡಿರಲಿಲ್ಲ, ಅವಳು ನೋಡಿದ್ದನ್ನು ಅಪ್ಪ ನೋಡಿರಲಿಲ್ಲ, ಅಷ್ಟೇ.

ಅಡಿಕೆಯ ಜಗಳ ಬರೀ ಒಂದು ಉದಾಹರಣೆ. ಲಸಿಕೆ, ಕುಲಾಂತರಿ ಬದನೆ, ಮೊಬೈಲ್ ಟವರ್, ಅಡುಗೆ ಎಣ್ಣೆ, ಯಾವ ವಿಷಯಕ್ಕೂ ಇದೇ ಆಗುತ್ತದೆ. ಆದರೆ ನಾನು ಅಡಿಕೆಯನ್ನೇ ಹಿಡಿದು ಹೇಳುತ್ತೇನೆ. ಅದು ನನ್ನ ಮನೆಯ ಅನ್ನ. ಜಗತ್ತಿನಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ದೇಶ ನಮ್ಮದು, ದೇಶದಲ್ಲಿ ಅತಿ ಹೆಚ್ಚು ಬೆಳೆಯುವ ರಾಜ್ಯ ಕರ್ನಾಟಕ. ಈ ಪ್ರಶ್ನೆಯನ್ನು ಕನ್ನಡಿಗರಾದ ನಾವು ನೆಟ್ಟಗೆ ಕೇಳಿಕೊಳ್ಳಲೇಬೇಕು.

ಹಂತ 1: ಫೋನು ಮುಟ್ಟುವ ಮೊದಲು ಪ್ರಶ್ನೆಯನ್ನು ಸುಲಿಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಈಗ ಏನು ಅನ್ನಿಸುತ್ತದೋ ಒಂದು ಸಾಲಿನಲ್ಲಿ ಬರೆಯಿರಿ. "ಅಡಿಕೆ ಒಳ್ಳೆಯದು, ತಂಬಾಕೇ ಕೆಟ್ಟದ್ದು" ಅಂತಲೋ, "ಅಡಿಕೆ ವಿಷ" ಅಂತಲೋ. ಆಮೇಲೆ ಆ ಸಾಲಿನೊಳಗೆ ಎಷ್ಟು ಪ್ರಶ್ನೆಗಳು ಅಡಗಿವೆ ಅಂತ ಬಿಡಿಸಿ ನೋಡಿ. ನನಗೆ ನಾಲ್ಕು ಸಿಕ್ಕವು.

ತಂಬಾಕು ಇಲ್ಲದೆ ಬರೀ ಅಡಿಕೆ ಜಗಿದರೆ ಬಾಯಿಗೆ ಹಾನಿಯೇ?

ಗುಟ್ಕಾದಂಥ ಪದಾರ್ಥದಲ್ಲಿ ಅಡಿಕೆಯ ಪಾಲೆಷ್ಟು, ತಂಬಾಕಿನ ಪಾಲೆಷ್ಟು?

ಹಬ್ಬಕ್ಕೊಂದು ಕವಳ ಹಾಕುವುದೂ ದಿನಕ್ಕೆ ಹತ್ತು ಸಲ ಜಗಿಯುವುದೂ ಒಂದೇನಾ?

ಸರ್ಕಾರ ಏನು ಮಾಡಬೇಕು, ಬೆಳೆಗಾರನ ಗತಿ ಏನು?

ಮೊದಲ ಮೂರಕ್ಕೆ ಉತ್ತರ ಕೊಡಬೇಕಾದ್ದು ವೈದ್ಯಕೀಯ ವಿಜ್ಞಾನ. ನಾಲ್ಕನೆಯದು ನಾವೆಲ್ಲ ಕೂತು ತೀರ್ಮಾನ ಮಾಡಬೇಕಾದ್ದು. ಅದಕ್ಕೆ ಲ್ಯಾಬಿನಲ್ಲಿ ಉತ್ತರ ಇಲ್ಲ. ಆನ್‌ಲೈನ್ ಜಗಳದಲ್ಲಿ ಈ ನಾಲ್ಕೂ ಒಂದೇ ಉಂಡೆಯಾಗಿ ಬರುತ್ತವೆ. "ಬೆಳೆಗಾರ ಹಾಳಾಗುತ್ತಾನೆ, ಆದ್ದರಿಂದ ಅಡಿಕೆಯಿಂದ ಕ್ಯಾನ್ಸರ್ ಬರಲ್ಲ" ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಮನಸ್ಸು ಹಾಗೇ ಲೆಕ್ಕ ಹಾಕಿರುತ್ತದೆ. ನನ್ನ ಮನಸ್ಸೂ ಹಾಕಿತ್ತು. ಅದಕ್ಕೇ ಈ ಹಾಳೆ ಮುಖ್ಯ. ಮುಂದಿನ ಹಂತಗಳಲ್ಲಿ ಏನೇ ಸಿಕ್ಕರೂ, ಇದು ಯಾವ ಪ್ರಶ್ನೆಗೆ ಉತ್ತರ ಅಂತ ಕೇಳಿಕೊಂಡು ಅದರ ಕೆಳಗೆ ಬರೆಯಿರಿ.

ಹಂತ 2: ಒಂದೇ ವಿಷಯವನ್ನು ಬೇರೆ ಬೇರೆ ಹೆಸರಿನಿಂದ ಹುಡುಕಿ

ನಮ್ಮ ಫೋನಿನಲ್ಲಿ ಏನು ಕಾಣಬೇಕು ಅಂತ ಸೋಸುವ ಕೆಲಸವನ್ನೆಲ್ಲ ಗೂಗಲ್, ಯೂಟ್ಯೂಬ್‌ನಂಥ ಕಂಪನಿಗಳ ಕಂಪ್ಯೂಟರ್ ಮಾಡುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅದು ಅರ್ಧ ನಿಜ. ಮೊದಲ ಜರಡಿ ನಾವು ಟೈಪ್ ಮಾಡುವ ಪದ.

ಅಡಿಕೆಯನ್ನೇ ನೋಡಿ. ಕನ್ನಡದಲ್ಲಿ "ಅಡಿಕೆ" ಅಂತ ಹೊಡೆದರೆ ಮೇಲೆ ಬರುವುದು ಮಂಡಿ ದರ, ರೋಗ, ಆಮದು, ಹೋರಾಟ. ಈ ಪದವನ್ನು ಆನ್‌ಲೈನಿನಲ್ಲಿ ಜಾಸ್ತಿ ಬಳಸುವವರೇ ಬೆಳೆಗಾರರು ಮತ್ತು ಅವರಿಗಾಗಿ ಬರೆಯುವವರು. ಹಿಂದಿಯ "ಸುಪಾರಿ" ಅಂತ ಹುಡುಕಿದರೆ ಪಾನ್ ಮಸಾಲದ ಲೋಕ ತೆರೆದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಜನ ಸಾಮಾನ್ಯವಾಗಿ "ಬೀಟಲ್ ನಟ್" ಅನ್ನುತ್ತಾರೆ. ನಿಜವಾಗಿ ಬೀಟಲ್ ಅಂದರೆ ವೀಳ್ಯದೆಲೆ, ಅಡಿಕೆಗೆ ಆ ಹೆಸರು ತಪ್ಪಾಗಿ ಅಂಟಿಕೊಂಡಿದೆ. ಸಂಶೋಧಕರು ಬರೆಯುವುದು "ಅರೆಕಾ ನಟ್" ಎಂದು, ಸಸ್ಯದ ಹೆಸರು "ಅರೆಕಾ ಕ್ಯಾಟೆಚು" ಎಂದು. ಈ ಕೊನೆಯ ಎರಡು ಹೆಸರು ಗೊತ್ತಿಲ್ಲದವರಿಗೆ ಸಂಶೋಧನೆಯ ಬಾಗಿಲು ತೆರೆಯುವುದು ಕಷ್ಟ.

ಮಾಡಬೇಕಾದ್ದು ಇಷ್ಟು. ಮೂರು ಹೆಸರು, ಎರಡು ಭಾಷೆ. ಪ್ರತಿ ಸಲವೂ ಮೊದಲ ಹತ್ತು ಫಲಿತಾಂಶ ಯಾರದ್ದು ಅಂತ ನೋಡಿ. ಪತ್ರಿಕೆಯೇ, ಆಸ್ಪತ್ರೆಯೇ, ಬೆಳೆಗಾರರ ಸಂಸ್ಥೆಯೇ, ಮಾರುವವರೇ. ಒಳಗೆ ಏನಿದೆ ಅಂತ ಈಗಲೇ ಓದಬೇಡಿ. ಯಾವ ಪದಕ್ಕೆ ಯಾವ ಜನ ಬರುತ್ತಾರೆ ಅನ್ನುವುದಷ್ಟೇ ಈಗ ಬೇಕು. ವೈದ್ಯಕೀಯ ಸಂಶೋಧನೆಗೆ ಪಬ್‌ಮೆಡ್ ಎಂಬ ಉಚಿತ ತಾಣ ಇದೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುತ್ತದೆ. ಇಂಗ್ಲಿಷ್ ಸರಾಗವಾಗಿ ಬರದಿದ್ದರೆ ಮನೆಯ ಕಾಲೇಜು ಹುಡುಗರನ್ನು ಕೂರಿಸಿಕೊಳ್ಳಿ. ಅವರಿಗೆ ಇಂಗ್ಲಿಷ್ ಗೊತ್ತಿರುತ್ತದೆ, ನಿಮಗೆ ಅಡಿಕೆ ಗೊತ್ತಿರುತ್ತದೆ.

ಹಂತ 3: ಪ್ರಶ್ನೆಯ ವಾಲನ್ನು ತೆಗೆಯಿರಿ

"ಅಡಿಕೆ ಕ್ಯಾನ್ಸರ್ ಸುಳ್ಳು" ಅಂತ ಹುಡುಕಿದರೆ ಸುಳ್ಳು ಅನ್ನುವವರೇ ಸಿಗುತ್ತಾರೆ. "ಅಡಿಕೆ ಅಪಾಯ" ಅಂತ ಹುಡುಕಿದರೆ ಅಪಾಯ ಅನ್ನುವವರು. ಹುಡುಕುವ ಯಂತ್ರ ನೀವು ಕೊಟ್ಟ ಪದಗಳಿಗೆ ಹೊಂದುವ ಪುಟವನ್ನು ತರುತ್ತದೆ. ನಿಮ್ಮ ಪ್ರಶ್ನೆ ಒಂದು ಕಡೆ ವಾಲಿದ್ದರೆ ಉತ್ತರವೂ ಅದೇ ಕಡೆ ವಾಲಿರುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅಮೆರಿಕದ ಸಂಶೋಧಕರ ಒಂದು ಅಧ್ಯಯನ ಬಂತು. ಸುಳ್ಳು ಸುದ್ದಿಯನ್ನು ಜನರಿಗೆ ಕೊಟ್ಟು, ಆನ್‌ಲೈನಿನಲ್ಲಿ ಹುಡುಕಿ ಪರೀಕ್ಷಿಸಿ ಎಂದು ಹೇಳಿದ್ದರು. ಹುಡುಕಿದವರು ಅದನ್ನು ನಂಬುವ ಸಾಧ್ಯತೆ ಕಡಿಮೆ ಆಗುವ ಬದಲು ಜಾಸ್ತಿಯಾಯಿತು! ಸುದ್ದಿಯ ತಲೆಬರಹವನ್ನೇ ಎತ್ತಿ ಹುಡುಕಾಟಕ್ಕೆ ಹಾಕಿದವರಿಗೆ ಕಳಪೆ ಪುಟಗಳು ಹೆಚ್ಚಾಗಿ ಸಿಕ್ಕಿದ್ದು ಒಂದು ಮುಖ್ಯ ಕಾರಣ. "ನಾನೇ ಗೂಗಲ್ ಮಾಡಿ ನೋಡಿದೀನಿ" ಅನ್ನುವ ಮಾತಿಗೆ ನಾವು ಕೊಡುವ ಬೆಲೆಯನ್ನು ಇದು ಸ್ವಲ್ಪ ಇಳಿಸುತ್ತದೆ, ಅಲ್ವಾ?

ಇನ್ನೊಂದು ತೊಂದರೆ ಖಾಲಿ ಜಾಗದ್ದು. ಕೆಲವು ಪದಗಳಿಗೆ ಆನ್‌ಲೈನಿನಲ್ಲಿ ಒಳ್ಳೆಯ ಬರಹವೇ ಇರುವುದಿಲ್ಲ. ಆ ಜಾಗವನ್ನು ಯಾರು ಮೊದಲು ತುಂಬುತ್ತಾರೋ ಅವರದೇ ಮೇಲೆ ಬರುತ್ತದೆ. ಮೈಕ್ರೋಸಾಫ್ಟಿನಲ್ಲಿದ್ದ ಮೈಕೆಲ್ ಗೊಲೆಬಿಯೊವ್‌ಸ್ಕಿ ಇದಕ್ಕೆ "ಡೇಟಾ ವಾಯ್ಡ್" ಅಂತ ಹೆಸರಿಟ್ಟರು. ಇಂಗ್ಲಿಷಿಗಿಂತ ಕನ್ನಡದಲ್ಲಿ ಇಂಥ ಖಾಲಿ ಜಾಗಗಳು ಜಾಸ್ತಿ. ಅಪ್ಪನಂಥವರು ಕನ್ನಡದಲ್ಲಿ ಮಾತ್ರ ಹುಡುಕುತ್ತಾರೆ. ಅವರ ಕಣ್ಣಿಗೆ ಅರ್ಧ ಸತ್ಯ ಬಿದ್ದರೆ ಅದು ಅವರ ಹಟದಿಂದ ಅಂತ ನಾವು ತಿಳಿಯುತ್ತೇವೆ. ಕನ್ನಡದಲ್ಲಿ ಬರೆಯಬೇಕಾದವರು ಬರೆಯಲಿಲ್ಲ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ.

ಹಾಗಾಗಿ ಹುಡುಕುವಾಗ ತೀರ್ಪಿನ ಪದಗಳನ್ನು ಬಿಡಿ. ಸುಳ್ಳು, ಸಂಚು, ವಿಷ, ಅಮೃತ, ಇವು ಯಾವುದೂ ಬೇಡ. "ಅಡಿಕೆ ತಂಬಾಕು ಇಲ್ಲದೆ ಬಾಯಿ ಅಧ್ಯಯನ" ಅಂತ ಹಾಕಿ. ಹಾಕುತ್ತಿರುವಾಗಲೇ ಕೆಳಗೆ ಉಳಿದ ಸಾಲನ್ನು ಗೂಗಲ್ ತಾನೇ ಸೂಚಿಸುತ್ತದಲ್ಲ, ಅದನ್ನು ಒತ್ತಬೇಡಿ. ಅದು ಬೇರೆಯವರು ಕೇಳಿದ ಪ್ರಶ್ನೆ. ಎಐ ಬಳಸುವುದಾದರೂ ಅಷ್ಟೇ. "ಅಡಿಕೆ ಒಳ್ಳೆಯದು ತಾನೇ?" ಅಂತ ಕೇಳಿದರೆ ಅದು ನಿಮ್ಮ ಕಡೆಗೇ ಒಂದಿಷ್ಟು ವಾಲಿ ಮಾತಾಡಬಹುದು. ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳಿ, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಡಿ.

ಹಂತ 4: ವಾಟ್ಸಾಪಿನ ಜರಡಿ ನಮ್ಮವರೇ

ವಾಟ್ಸಾಪ್ ಗುಂಪಿನಲ್ಲಿ ಯಾವ ಯಂತ್ರವೂ ಕೂತು "ಇದು ಇವರಿಗೆ ಇಷ್ಟವಾಗುತ್ತೆ" ಅಂತ ಆರಿಸುವುದಿಲ್ಲ. ಆರಿಸುವವರು ಭಾವ, ಚಿಕ್ಕಪ್ಪ, ಸೊಸೈಟಿಯ ಗೆಳೆಯರು. ನಂಬಿಕೆ ಇರುವುದು ಸುದ್ದಿಯ ಮೇಲಲ್ಲ, ಕಳಿಸಿದವರ ಮೇಲೆ. ಹಾಗಾಗಿಯೇ ಈ ಜರಡಿ ಎಲ್ಲಕ್ಕಿಂತ ಗಟ್ಟಿ.

ಒಂದು ಗುರುತು ನೋಡಲು ಕಲಿಯಿರಿ. ಸಂದೇಶದ ಮೇಲೆ ಜೋಡಿ ಬಾಣ ಇದ್ದರೆ ಅದು ಬಹಳ ಕೈ ದಾಟಿ ಬಂದದ್ದು. ಒಂದು ಸಂದೇಶವನ್ನು ಒಂದೇ ಸಲ ಐದಕ್ಕಿಂತ ಹೆಚ್ಚು ಕಡೆ ಕಳಿಸುವಂತಿಲ್ಲ ಎಂಬ ಮಿತಿಯನ್ನು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ತಂದಿತು. 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಜೋಡಿ ಬಾಣ ಇದ್ದ ಮಾತ್ರಕ್ಕೆ ಸುಳ್ಳು ಅಂತಲ್ಲ. ನಿಮಗೆ ಕಳಿಸಿದವರು ಬರೆದದ್ದಲ್ಲ ಅಂತ ಮಾತ್ರ ಅರ್ಥ. ಆಗ ಕೇಳಬೇಕಾದ ಪ್ರಶ್ನೆ, "ಭಾವ, ಇದರ ಮೂಲ ಲಿಂಕ್ ಇದೆಯಾ?" ಅಂತ. ಸುಳ್ಳು ಅಂತ ಹೇಳಬೇಡಿ. ಲಿಂಕ್ ಕೇಳಿ.

ಹಂತ 5: ಪುಟದೊಳಗೆ ಮುಳುಗಬೇಡಿ, ಪಕ್ಕಕ್ಕೆ ಹೋಗಿ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಪರೀಕ್ಷೆ ಮಾಡಿದ್ದರು. ಇತಿಹಾಸದ ಪಂಡಿತರು, ಜಾಣ ವಿದ್ಯಾರ್ಥಿಗಳು, ಸುದ್ದಿ ಪರೀಕ್ಷಿಸುವ ವೃತ್ತಿಯವರು, ಮೂವರಿಗೂ ಗೊತ್ತಿಲ್ಲದ ತಾಣಗಳನ್ನು ಕೊಟ್ಟು ನಂಬಬಹುದೇ ನೋಡಿ ಎಂದರು. ಪಂಡಿತರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿಂದ ಕೆಳಗೆ ಓದಿದರು. ಚಂದದ ಲೋಗೋ, ಗಂಭೀರ ಭಾಷೆ ನೋಡಿ ಹಲವರು ಮೋಸಹೋದರು. ಸುದ್ದಿ ಪರೀಕ್ಷಕರು ಪುಟದಲ್ಲಿ ನಿಲ್ಲಲೇ ಇಲ್ಲ. ಇನ್ನೊಂದು ಟ್ಯಾಬ್ ತೆರೆದು, ಈ ಸಂಸ್ಥೆ ಯಾರದ್ದು, ಬೇರೆಯವರು ಇದರ ಬಗ್ಗೆ ಏನು ಹೇಳುತ್ತಾರೆ ಅಂತ ನೋಡಿದರು. ಬೇಗ ಗೆದ್ದವರು ಅವರೇ.

ನಾವೂ ಹಾಗೇ ಮಾಡೋಣ. ಅಡಿಕೆಯ ಬಗ್ಗೆ ಒಂದು ಪುಟ ಸಿಕ್ಕರೆ ಬರೆದವರ ಹೆಸರನ್ನು ಬೇರೆ ಕಡೆ ಹುಡುಕಿ. ಯಾರ ಹಿತ ಎಲ್ಲಿದೆ ಅಂತ ನೋಡಿ. ಮಂಗಳೂರಿನ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ 1973ರಲ್ಲಿ ಹುಟ್ಟಿದ್ದೇ ಬೆಲೆ ಕುಸಿತದಿಂದ ಕಂಗೆಟ್ಟ ಬೆಳೆಗಾರರಿಗಾಗಿ. ಅದು ಬೆಳೆಗಾರನ ಪರ ಮಾತಾಡುವುದು ಸಹಜ. ಕ್ಯಾನ್ಸರ್ ಆಸ್ಪತ್ರೆಯ ವೈದ್ಯರ ಮುಂದೆ ದಿನವೂ ಬಂದು ಕೂರುವವರು ಕಾಯಿಲೆ ಬಿದ್ದವರೇ. ಜಗಿದೂ ಆರಾಮಾಗಿರುವವರು ಅವರ ಬಳಿ ಬರುವುದಿಲ್ಲ. ಗುಟ್ಕಾ, ಪಾನ್ ಮಸಾಲ ಮಾರುವವರ ಹಿತ ಇನ್ನೊಂದು. ಹಿತ ಇದೆ ಅಂದ ಮಾತ್ರಕ್ಕೆ ಹೇಳಿದ್ದು ತಪ್ಪಾಗುವುದಿಲ್ಲ. ಆದರೆ ಎರಡು ಬೇರೆ ಬೇರೆ ಹಿತದವರು ಒಂದೇ ಮಾತನ್ನು ಒಪ್ಪಿದ್ದರೆ ಅದಕ್ಕೆ ತೂಕ ಜಾಸ್ತಿ. ಅಂಥ ಮಾತುಗಳನ್ನು ನಿಮ್ಮ ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಬರೆಯಿರಿ. ತಂಬಾಕು ಸೇರಿದ ಗುಟ್ಕಾ ಬಾಯಿಯನ್ನು ಹಾಳು ಮಾಡುತ್ತದೆ ಅನ್ನುವುದನ್ನು ನಮ್ಮ ಅಪ್ಪನೂ ಒಪ್ಪುತ್ತಾರೆ, ಅಕ್ಕನ ಮಗಳೂ ಒಪ್ಪುತ್ತಾಳೆ. ಅಲ್ಲಿಗೆ ಅರ್ಧ ಜಗಳ ಮುಗಿಯಿತು.

ಹಂತ 6: ತಾರೀಕು ನೋಡಿ, ಏಣಿಯ ಯಾವ ಮೆಟ್ಟಿಲು ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾನೇ ಎಡವಿದ ಜಾಗ ಇದು.

ವಿಶ್ವ ಆರೋಗ್ಯ ಸಂಸ್ಥೆಯ ಕೆಳಗೆ ಕ್ಯಾನ್ಸರ್ ಸಂಶೋಧನೆಗೆಂದೇ ಒಂದು ಸಂಸ್ಥೆ ಇದೆ. ಫ್ರಾನ್ಸಿನ ಲಿಯೋನ್ ಊರಿನಲ್ಲಿದೆ, ಹೆಸರು ಐಎಆರ್‌ಸಿ. ಯಾವ ವಸ್ತುವಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಇರುವ ಸಾಕ್ಷಿಗಳನ್ನೆಲ್ಲ ಕೂಡಿಸಿ ನೋಡುವುದು ಅದರ ಕೆಲಸ. ಅಡಿಕೆಯ ಬಗ್ಗೆ ಅದು ಒಂದೇ ಸಲ ಮಾತಾಡಿ ಸುಮ್ಮನಾಗಲಿಲ್ಲ.

1985ರಲ್ಲಿ ಅದು ಹೇಳಿದ್ದು: ತಂಬಾಕು ಸೇರಿಸಿದ ಎಲೆ ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆ. ತಂಬಾಕು ಇಲ್ಲದ ಎಲೆ ಅಡಿಕೆಯ ಬಗ್ಗೆ ಹೇಳಲು ಸಾಕ್ಷಿ ಸಾಲದು.

2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಮಾತು ಬದಲಾಯಿತು. ತಂಬಾಕಿಲ್ಲದ ಎಲೆ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತದೆ, ಅಡಿಕೆಯೇ ಕ್ಯಾನ್ಸರ್‌ಕಾರಕ, ಅಂದರೆ ಐಎಆರ್‌ಸಿ ಏಣಿಯ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಗುಂಪು 1. ಆಮೇಲಿನ ಮರುಪರಿಶೀಲನೆಯಲ್ಲೂ ಅದೇ ಉಳಿಯಿತು.

ನಡುವೆ ಏನಾಯಿತು? ಮುಖ್ಯವಾಗಿ ತೈವಾನ್. ಅಲ್ಲಿ ಅಡಿಕೆಯನ್ನು ಎಲೆ ಸುಣ್ಣದ ಜೊತೆ ಜಗಿಯುತ್ತಾರೆ, ಅದಕ್ಕೆ ತಂಬಾಕು ಸೇರಿಸುವುದಿಲ್ಲ. ಆದರೂ ಜಗಿಯುವ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಬಹಳ. "ಅವರು ಸಿಗರೇಟು ಸೇದುತ್ತಾರಲ್ಲ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಶೋಧಕರೂ ಅದನ್ನೇ ಕೇಳಿಕೊಂಡು ಸಿಗರೇಟಿನ ಪಾಲನ್ನು ಲೆಕ್ಕದಲ್ಲಿ ಬೇರೆ ಮಾಡಿ ನೋಡಿದರು. ಅಡಿಕೆಯ ಪಾಲು ಉಳಿಯಿತು. ನಮ್ಮ ದೇಶದಲ್ಲಿ ತಂಬಾಕೂ ಅಡಿಕೆಯೂ ಒಂದೇ ಬಾಯಲ್ಲಿ ಸೇರುವುದರಿಂದ ಬಿಡಿಸಲಾಗದ ಗಂಟು ಅಲ್ಲಿ ಬಿಚ್ಚಿಕೊಂಡಿತು.

ಈಗ ಯೋಚಿಸಿ. 1985ರ ಮಾತನ್ನು ಎತ್ತಿ ಯಾರಾದರೂ ಹಂಚಿದರೆ ಅದು ಸುಳ್ಳಲ್ಲ. ಹಳೆಯದು, ಅಷ್ಟೇ. ಫೋನಿನಲ್ಲಿ ಹಳೆಯದೂ ಹೊಸದೂ ಒಂದೇ ಥರ ಹೊಳೆಯುತ್ತವೆ. ಪುಸ್ತಕವಾದರೆ ಹಳದಿ ಬಣ್ಣಕ್ಕೆ ತಿರುಗಿರುತ್ತಿತ್ತು.

ಇನ್ನೂ ಒಂದು ಇದೆ. 2020ರ ಕೊನೆಯಲ್ಲಿ ಐಎಆರ್‌ಸಿ ಅಡಿಕೆಯೊಳಗಿನ ಅರೆಕೋಲಿನ್ ಎಂಬ ಅಂಶವನ್ನು ಪ್ರತ್ಯೇಕವಾಗಿ ನೋಡಿ ಗುಂಪು 2ಬಿಗೆ ಸೇರಿಸಿತು. 2ಬಿ ಅಂದರೆ "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಕೆಳಗಿನ ಮೆಟ್ಟಿಲು. ಇದನ್ನು ನಾನು ಮೊದಲ ಸಲ ಓದಿದಾಗ ಖುಷಿಯಾಗಿ ಅಪ್ಪನಿಗೆ ಫೋನು ಮಾಡಿದ್ದೆ. "ನೋಡಿ, ಬರೀ ಇರಬಹುದು ಅಂತಿದೆ" ಅಂದಿದ್ದೆ. ತಪ್ಪು ನನ್ನದು. ಆ ಮೆಟ್ಟಿಲು ಒಂದು ಅಂಶಕ್ಕೆ ಕೊಟ್ಟದ್ದು. ಮನುಷ್ಯರು ಜಗಿಯುವುದು ಇಡೀ ಅಡಿಕೆಯನ್ನು, ಅದು ಗುಂಪು 1ರಲ್ಲೇ ಇದೆ. ಎರಡೂ ಒಟ್ಟಿಗೆ ನಿಜ. ನನಗೆ ಬೇಕಾದ ಒಂದನ್ನು ನನ್ನ ಕಣ್ಣೇ ಆರಿಸಿಕೊಂಡಿತ್ತು. ಯಾವ ಕಂಪನಿಯ ಯಂತ್ರವೂ ನನಗೆ ಅದನ್ನು ಮಾಡಿಸಲಿಲ್ಲ.

ಇನ್ನೊಂದು ಕಡೆಯವರೂ ಎಡವುತ್ತಾರೆ. ಗುಂಪು 1 ಅಂದ ತಕ್ಷಣ "ಅಡಿಕೆ ಸಿಗರೇಟಿನಷ್ಟೇ ಅಪಾಯ" ಎಂದು ಬರೆದುಬಿಡುತ್ತಾರೆ. ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ. ಅಪಾಯ ಎಷ್ಟು ದೊಡ್ಡದು ಅಂತ ಅದು ಹೇಳುವುದಿಲ್ಲ. ಬಿಸಿಲು, ಮದ್ಯ, ಪ್ಲುಟೋನಿಯಂ ಮೂರೂ ಗುಂಪು 1ರಲ್ಲೇ ಇವೆ. ಬಿಸಿಲಿಗೆ ಹೋದವನೂ ಪ್ಲುಟೋನಿಯಂ ಮುಟ್ಟಿದವನೂ ಒಂದೇನಾ?

ಅಂಕಿಗಳನ್ನೂ ಹೀಗೇ ಓದಬೇಕು. 2022ರಲ್ಲಿ ಜಗತ್ತಿನ ಸುಮಾರು 1,20,000 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣ, ಅದರಲ್ಲಿ ಸುಮಾರು 83,000 ಭಾರತದ್ದು ಎಂದು ಐಎಆರ್‌ಸಿ ಸಂಶೋಧಕರು 2024ರಲ್ಲಿ ಲೆಕ್ಕ ಕೊಟ್ಟರು. ಎದೆ ಝಲ್ಲೆನ್ನುವ ಅಂಕಿ. ಆದರೆ ಅದರಲ್ಲಿ "ತಂಬಾಕು ಮತ್ತು ಅಡಿಕೆ" ಎರಡೂ ಸೇರಿವೆ. ಆ ಮೊತ್ತವನ್ನು ಅಡಿಕೆಯೊಂದರ ತಲೆಗೆ ಕಟ್ಟಿದ ಪೋಸ್ಟರ್ ಕಂಡರೆ ನಂಬಬೇಡಿ. "ಎಲ್ಲ ತಂಬಾಕಿನದೇ" ಅಂದ ಪೋಸ್ಟರನ್ನೂ ನಂಬಬೇಡಿ. ಅಂಕಿ ಕಂಡ ಕೂಡಲೇ ಅದರಲ್ಲಿ ಏನೇನು ಸೇರಿದೆ ಅಂತ ಕೇಳಿ.

ಹಂತ 7: ಯಾವುದು ತೀರ್ಮಾನವಾಗಿದೆ, ಯಾವುದು ಇನ್ನೂ ತೆರೆದಿದೆ

ಈಗ ನಿಮ್ಮ ಹಾಳೆಗೆ ವಾಪಸ್ ಬನ್ನಿ. ನನ್ನ ಹಾಳೆಯಲ್ಲಿ ಹೀಗಿದೆ.

ಮೊದಲ ಪ್ರಶ್ನೆ: ಬರೀ ಅಡಿಕೆಯನ್ನು ವರ್ಷಗಟ್ಟಲೆ ದಿನವೂ ಜಗಿದರೆ ಬಾಯಿಗೆ ಹಾನಿ ಇದೆ. ಒಳಗಿನ ಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ, ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಅದರ ಮುಖ್ಯ ಕಾರಣ ಅಡಿಕೆ ಎಂಬುದರಲ್ಲಿ ವೈದ್ಯಲೋಕದಲ್ಲಿ ಜಗಳ ಇಲ್ಲ. ಅಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಅಡಿಕೆ ಬೆಳೆಯುವ ಮನೆಯವನಾಗಿ ಇದನ್ನು ಬರೆಯುವಾಗ ನನ್ನ ಕೈ ತಡೆಯಿತು. ಆದರೂ ಬರೆದೆ.

ಎರಡನೆಯದು: ತಂಬಾಕು ಸೇರಿದರೆ ಅಪಾಯ ಏರುತ್ತದೆ. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯಲ್ಲಿ ಅಕ್ಕಪಕ್ಕ ತೂಗಿದವು. ತಿನ್ನುವವನ ಬಾಯಲ್ಲಿ ಎರಡೂ ಸೇರಿ ಮತ್ತೆ ಗುಟ್ಕಾನೇ ಆಯಿತು.

ಮೂರನೆಯದು: ಜಗಿಯುವುದು ಹೆಚ್ಚಿದಷ್ಟೂ, ವರ್ಷ ಉದ್ದವಾದಷ್ಟೂ ಅಪಾಯ ಹೆಚ್ಚುತ್ತದೆ. ಅಧ್ಯಯನಗಳು ನಡೆದದ್ದು ಬಹುಪಾಲು ದಿನವೂ ಜಗಿಯುವವರ ಮೇಲೆ. ವರ್ಷಕ್ಕೆ ನಾಲ್ಕು ಹಬ್ಬದಲ್ಲಿ ಕವಳ ಹಾಕುವವರ ಬಗ್ಗೆ ಅವು ಹೇಳುವುದು ಕಡಿಮೆ. ಇಲ್ಲಿ ಬಾಗಿಲು ತೆರೆದೇ ಇದೆ.

ನಾಲ್ಕನೆಯದರ ಕೆಳಗೆ ನಾನು ಬರೆದದ್ದು ಎಲ್ಲಕ್ಕಿಂತ ಉದ್ದ. ಪರ್ಯಾಯ ಬೆಳೆ, ಅಡಿಕೆ ಮರದ ಹಾಳೆಯ ತಟ್ಟೆ, ಅಡಿಕೆ ಬೇಯಿಸಿದ ಚೊಗರಿನಿಂದ ಬಣ್ಣ, ಸಾಲ, ಎಲೆಚುಕ್ಕಿ, ಮಕ್ಕಳು ಊರು ಬಿಟ್ಟದ್ದು. ಅದೊಂದು ಬೇರೆಯೇ ಲೇಖನ. ಆದರೆ ಮೊದಲ ಪ್ರಶ್ನೆಯ ಉತ್ತರವನ್ನು ನಾಲ್ಕನೆಯದಕ್ಕೆ ಹೆದರಿ ತಿದ್ದಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಬೇರೆ ವಿಷಯ ಹಿಡಿದವರೂ ಹೀಗೆ ಮೂರು ಕಂಬಸಾಲು ಹಾಕಿಕೊಳ್ಳಿ: ಗಟ್ಟಿಯಾದದ್ದು, ತೆರೆದದ್ದು, ವಿಜ್ಞಾನದ್ದಲ್ಲದ್ದು. ಗಟ್ಟಿಯಾದದ್ದನ್ನು "ಇನ್ನೂ ಚರ್ಚೆಯಲ್ಲಿದೆ" ಅನ್ನುವವರಿದ್ದಾರೆ. ತೆರೆದದ್ದನ್ನು "ಸಾಬೀತಾಗಿದೆ" ಅನ್ನುವವರೂ ಇದ್ದಾರೆ. ಸೋಸಿ ಬಂದ ಮಾಹಿತಿ ಜಾಸ್ತಿ ಕೆಡಿಸುವುದು ಈ ಗಡಿಯನ್ನೇ.

ಹಂತ 8: ಫೋನನ್ನು ಪಳಗಿಸುವುದು

ಇದು ಸುಲಭ, ಬೇಗ ಹೇಳುತ್ತೇನೆ. ಯೂಟ್ಯೂಬಿನಲ್ಲಿ ನೋಡಿದ ಇತಿಹಾಸವನ್ನು ಅಳಿಸಬಹುದು, ನಿಲ್ಲಿಸಿಯೂ ಇಡಬಹುದು. ಬೇಡದ ವಿಡಿಯೋದ ಪಕ್ಕದ ಮೂರು ಚುಕ್ಕಿ ಒತ್ತಿ "ಆಸಕ್ತಿ ಇಲ್ಲ" ಅನ್ನಬಹುದು. ನಿಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ, ಆದರೆ ಮರ್ಯಾದೆಯಿಂದ ಮಾತಾಡುವ ಒಂದು ಚಾನಲ್‌ಗೆ ಸಬ್‌ಸ್ಕ್ರೈಬ್ ಆಗಿ. ಬ್ರೌಸರಿನ ಇನ್‌ಕಾಗ್ನಿಟೊ (ಇತಿಹಾಸ ಉಳಿಸದ) ಕಿಟಕಿಯಲ್ಲಿ ಹುಡುಕಿದರೆ ನಿಮ್ಮ ಹಳೆಯ ಹುಡುಕಾಟದ ಪ್ರಭಾವ ಕಡಿಮೆಯಾಗುತ್ತದೆ. ಆದರೆ ನೀವಿರುವ ಊರು, ನಿಮ್ಮ ಭಾಷೆ ಅದಕ್ಕೆ ಆಗಲೂ ಗೊತ್ತಾಗುತ್ತದೆ.

ಇಷ್ಟು ಮಾಡಿದರೆ ಎಲ್ಲ ಸರಿಯಾಯಿತು ಅಂದುಕೊಳ್ಳಬೇಡಿ. ಯಂತ್ರ ನಮಗೆ ಇಷ್ಟವಾದದ್ದನ್ನೇ ಆರಿಸಿ ತೋರಿಸುತ್ತದೆ ಎಂಬ ಅರ್ಥದ "ಫಿಲ್ಟರ್ ಬಬಲ್" ಎಂಬ ಮಾತನ್ನು 2011ರಲ್ಲಿ ಅಮೆರಿಕದ ಲೇಖಕ ಎಲೈ ಪರೈಸರ್ ಜನಪ್ರಿಯ ಮಾಡಿದಾಗ, ನಾವೆಲ್ಲ ಗಾಳಿಯಾಡದ ಗುಳ್ಳೆಯೊಳಗಿದ್ದೇವೆ ಎಂದು ಬಹಳ ಜನ ಹೆದರಿದರು. 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಮೆರಿಕದ ಸುಮಾರು ಒಂದು ಕೋಟಿ ಫೇಸ್‌ಬುಕ್ ಬಳಕೆದಾರರನ್ನು ನೋಡಿತು. ವಿರುದ್ಧ ಅಭಿಪ್ರಾಯದ ಸುದ್ದಿಯನ್ನು ತಡೆಯುವುದರಲ್ಲಿ ಯಂತ್ರದ ಆಯ್ಕೆಗಿಂತ ಜನರ ಸ್ವಂತ ಆಯ್ಕೆಯ ಪಾಲು ದೊಡ್ಡದಿತ್ತು. ಹಂತ 5ನ್ನು ಇದಕ್ಕೂ ಹಾಕಿ ನೋಡಿ: ಆ ಅಧ್ಯಯನ ಮಾಡಿದವರು ಫೇಸ್‌ಬುಕ್ಕಿನ ಸಂಶೋಧಕರೇ, ವಿಷಯ ಅಮೆರಿಕದ ರಾಜಕೀಯ. ತೂಕ ಹಾಕುವಾಗ ಅದೂ ನೆನಪಿರಲಿ. ಆದರೂ ನನ್ನ ಅರೆಕೋಲಿನ್ ಅನುಭವ ನೆನಪಾದಾಗಲೆಲ್ಲ ಅದು ಹೇಳಿದ್ದರಲ್ಲಿ ಹುರುಳಿದೆ ಅನ್ನಿಸುತ್ತದೆ.

ಹಂತ 9: ಮನೆಯಲ್ಲಿ ಮಾತಾಡುವುದು

ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಹಿರಿಯರಿಗೆ ನೋವಾಗುತ್ತದೆ, ಪಟ್ಟು ಬಿಗಿಯಾಗುತ್ತದೆ. ಎದುರು ಕೂತು, ಫೋನುಗಳನ್ನು ಅದಲುಬದಲು ಮಾಡಿಕೊಳ್ಳಿ. ನಾವು ಮಾಡಿದ್ದು ಅದನ್ನೇ. ದೀಪಾವಳಿಯ ಮರುದಿನ ಅಪ್ಪ ಮೊಮ್ಮಗಳ ಫೋನಿನಲ್ಲಿ ಅರ್ಧ ಗಂಟೆ ನೋಡಿದರು. ಅವಳು ಅಜ್ಜನ ಫೋನು ನೋಡಿದಳು. ಕೊಳೆರೋಗ ಬಂದ ವರ್ಷ ತೋಟದವರು ಕಣ್ಣೀರು ಹಾಕುವ ವಿಡಿಯೋ ನೋಡಿ, "ಇದೆಲ್ಲ ನಂಗೆ ಗೊತ್ತೇ ಇರಲಿಲ್ಲ ಅಜ್ಜ" ಅಂದಳು. ಅಪ್ಪ ಏನೂ ಒಪ್ಪಿಕೊಳ್ಳಲಿಲ್ಲ. ಬಾಯಿ ಬಿಗಿದ ಹುಡುಗನ ಚಿತ್ರವೊಂದನ್ನು ಮಾತ್ರ ಎರಡು ಸಲ ದೊಡ್ಡದು ಮಾಡಿ ನೋಡಿದರು. "ಇದು ಶುರುವಾಗಿದ್ದು ಗೊತ್ತಾಗೋದು ಹೇಗೆ?" ಅಂತ ಕೇಳಿದರು.

ಖಾರ ತಿಂದರೆ ಮೊದಲಿಗಿಂತ ಜಾಸ್ತಿ ಉರಿ, ಕೆನ್ನೆಯ ಒಳಗೆ ಬಿಗಿತ, ಬಿಳಿಚಿದ ಚರ್ಮ ಅಂತ ಅವಳು ಹೇಳಿದಳು. ಮನೆಯಲ್ಲೇ ನೋಡುವ ಒಂದು ಸುಲಭದ ಗುರುತೂ ಇದೆ. ನಿಮ್ಮ ನಡುವಿನ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಬಾಯೊಳಗೆ ಇಡಿ. ಮೂರೂ ಹಿಡಿಯದಿದ್ದರೆ ದಂತ ವೈದ್ಯರಿಗೆ ತೋರಿಸಿ.

ಸಂಜೆ ಅಡಿಕೆ ಸುಲಿಯಲು ಒಂಬತ್ತು ಜನ ಬಂದಿದ್ದರು. ಅಪ್ಪ ಟಾರ್ಚು ಹಿಡಿದುಕೊಂಡು ಅವಳ ಜೊತೆ ಅಂಗಳಕ್ಕೆ ಹೋದರು. "ಎಲ್ಲರೂ ಒಂದ್ಸಲ ಬಾಯಿ ತೋರಿಸಿ, ನಮ್ಮ ಹುಡುಗಿ ಡಾಕ್ಟರ್ ಆಗ್ತಿದಾಳೆ" ಅಂದರು. ಜನ ನಗುತ್ತಲೇ ಬೆರಳಿಟ್ಟು ನೋಡಿದರು. ಎಂಟು ಜನಕ್ಕೆ ಮೂರು ಬೆರಳು ಹಿಡಿಯಿತು. ಮೂವತ್ತು ದಾಟದ ಒಬ್ಬ ಹುಡುಗನಿಗೆ ಎರಡು. ಸುಲಿಯುವ ಕೆಲಸ ಮುಗಿಯುವ ಮೊದಲೇ ಅಪ್ಪ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬಂದರು.